ಯಾರೂ ಸಾಯಬಾರದ ದ್ವೀಪ

2 ಆಗಸ್ಟ್ 2025, ಶನಿವಾರ

ಮೂವತ್ತೊಂದು ವರ್ಷ ಮಕ್ಕಳಿಗೆ ಟಿಪ್ಪಣಿ ಬರೆಸಿ ಮೇ ತಿಂಗಳಲ್ಲಿ ರಿಟೈರ್ ಆದೆ. ಈಗ ಮತ್ತೆ ಟಿಪ್ಪಣಿಯೇ ಗತಿ. ಚೈತ್ರ ಇವತ್ತು ತನ್ನ ಆಫೀಸಿಗೆ ಕರೆಸಿದ್ದಳು. ಎಂಟನೇ ಕ್ಲಾಸಿನಲ್ಲಿ ಭೂಪಟದಲ್ಲಿ ಗ್ರೀಸ್ ತೋರಿಸು ಎಂದರೆ ಇಟಲಿಯ ಮೇಲೆ ಬೆರಳಿಡುತ್ತಿದ್ದ ಹುಡುಗಿ. ಈಗ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಟೂರ್ ಕಂಪನಿ ನಡೆಸುತ್ತಾಳೆ, ಜನರನ್ನು ಅದೇ ಗ್ರೀಸಿಗೆ ಕರೆದುಕೊಂಡು ಹೋಗುತ್ತಾಳೆ. ಅಕ್ಟೋಬರಿನಲ್ಲಿ ಮೂವತ್ತೆರಡು ಜನ ಹೊರಡುತ್ತಾರಂತೆ. ಎಲ್ಲರೂ ಕನ್ನಡದವರು, ಹೆಚ್ಚಿನವರು ನನ್ನ ವಯಸ್ಸಿನವರು. ಜೊತೆಗೆ ಅಡುಗೆಯವರೂ ಇರುತ್ತಾರೆ.

"ಮಿಸ್, ಮಿಕನೋಸ್ ಅಂತ ಒಂದು ಐಲ್ಯಾಂಡು. ಫೋಟೋಗೆ ಸಖತ್ತಾಗಿದೆ. ಆದ್ರೆ ಅಲ್ಲಿನ ಗೈಡ್ ಹೇಳೋದು ನಮ್ಮೋರ ತಲೆಗೆ ಹೋಗಲ್ಲ. ನೀವೊಂದು ಹದಿನೆಂಟು ಪುಟ ಬರ್ಕೊಡಿ, ಬೋಟಲ್ಲಿ ನಾನೇ ಓದ್ತೀನಿ. ನಿಮಗೂ ಒಂದು ಸೀಟ್ ಇಟ್ಟಿದೀನಿ" ಅಂದಳು.

ನಾನು ಹೋದ ಅತಿ ದೂರದ ಊರು ಕಾಶಿ. ಅಲ್ಲಿಂದಲೂ ಉತ್ತರಪತ್ರಿಕೆ ತಿದ್ದುವುದಿದೆ ಎಂದು ಎರಡೇ ದಿನಕ್ಕೆ ಓಡಿ ಬಂದವಳು. ಒಪ್ಪಿಕೊಂಡೆ.

ಸಂಜೆಯೇ ಓದಲು ಕೂತೆ. ಮಿಕನೋಸಿನ ಗಲ್ಲಿಗಳನ್ನು ಬೇಕೆಂದೇ ಸೊಟ್ಟಗೆ ಕಟ್ಟಿದರಂತೆ, ಕಡಲ್ಗಳ್ಳರು ಬಂದರೆ ದಾರಿ ತಪ್ಪಲಿ ಎಂದು. ಜಯನಗರದ ಪಕ್ಕದ ನಮ್ಮ ಸಿದ್ದಾಪುರದ ಗಲ್ಲಿಗಳನ್ನು ಯಾವ ಕಳ್ಳರಿಗಾಗಿ ಕಟ್ಟಿದರೋ. ದಿಬ್ಬದ ಮೇಲೆ ಸಾಲಾಗಿ ಗಾಳಿಗಿರಣಿಗಳಿವೆ. ಹಿಂದೆ ಹಡಗಿನವರಿಗೆ ಹಿಟ್ಟು ಬೀಸಿಕೊಡುತ್ತಿದ್ದವು, ಈಗ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೆಜ್ಜಾರ್ಲೆ ಎಂಬ ದೊಡ್ಡ ಕೊಕ್ಕಿನ ಹಕ್ಕಿಯೊಂದು ಬಿರುಗಾಳಿಗೆ ಸಿಕ್ಕಿ ಆ ಊರಿನ ದಡಕ್ಕೆ ಬಂದು ಬಿತ್ತು, ಮೀನುಗಾರರು ಸಾಕಿದರು, ಬದುಕಿದ್ದಷ್ಟು ಕಾಲ ಅದೇ ಊರಿನ ಯಜಮಾನ. ಇಂಥವು ಬೋಟಿನಲ್ಲಿ ಓದಲು ಚೆನ್ನಾಗಿರುತ್ತವೆ.

ಭಾವನ ಫೋನ್ ಬಂತು. ಭಾವ ಅಂದರೆ ನಮ್ಮ ಯಜಮಾನರ ಅಣ್ಣ ಬೈರಣ್ಣ, ಮನೆಗೆ ಹಿರಿಯರು. ಸಾರಕ್ಕಿಯಲ್ಲಿ ಉಳಿದಿರುವ ಹನ್ನೆರಡು ಗುಂಟೆಯನ್ನೂ ಬಿಲ್ಡರಿಗೆ ಕೊಡುವುದು ಖಾತ್ರಿಯಾಯಿತಂತೆ. ಮನೆಯವರ ಗೋರಿಗಳಿರುವುದು ಅಲ್ಲೇ. ಮಹಾಲಯ ಅಮಾವಾಸ್ಯೆಗೆ ಮುಂಚೆ ಅವನ್ನು ಎತ್ತಿಸಬೇಕು, ಮರುದಿನವೇ ಜೆಸಿಬಿ ಬರುತ್ತದೆ. ನ್ಯಾಯವೇ. ಬದುಕಿರುವವರಿಗೇ ಬೆಂಗಳೂರಿನಲ್ಲಿ ಜಾಗವಿಲ್ಲ, ಸತ್ತವರಿಗೆ ಹನ್ನೆರಡು ಗುಂಟೆ ಯಾಕೆ?

7 ಆಗಸ್ಟ್, ಗುರುವಾರ

ಮಿಕನೋಸಿನಲ್ಲಿ ನೂರಾರು ಪುಟ್ಟ ಚರ್ಚುಗಳು. ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕ ನಾವಿಕ ಹರಕೆ ಹೊತ್ತುಕೊಳ್ಳುತ್ತಿದ್ದ, ಬದುಕಿ ಬಂದರೆ ಒಂದು ಗುಡಿ ಕಟ್ಟಿಸುತ್ತಿದ್ದ. ನಮಗೆ ಮನೆದೇವರಿದ್ದಂತೆ ಅವರಿಗೆ ಮನೆ ಚರ್ಚು. ತೀರಿಕೊಂಡವರ ಮೂಳೆಗಳನ್ನು ಕೆಲವು ವರ್ಷ ಬಿಟ್ಟು ತೆಗೆದು, ತೊಳೆದು, ಆ ಚರ್ಚಿನೊಳಗೇ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರಂತೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆದರೆ ಅಜ್ಜ ಅಜ್ಜಿಗೂ ಹೊಡೆದಂತಾಯಿತು.

ಇದನ್ನು ಇವರಿಗೆ ಓದಿ ಹೇಳಿದೆ. ಇವರು ಅಂದರೆ ನನ್ನ ಯಜಮಾನರು, ಕೆಂಪರಾಜು. "ಹ್ಞೂಂ" ಅಂದರು. ನಲವತ್ತು ವರ್ಷಕ್ಕೆ ಹತ್ತಿರವಾಯಿತು ಸಂಸಾರ, ಆ ಹ್ಞೂಂನಲ್ಲಿ ಎಷ್ಟು ಬಗೆ ಇದೆ ಎಂದು ನನಗಿನ್ನೂ ಗೊತ್ತಾಗಿಲ್ಲ.

10 ಆಗಸ್ಟ್, ಭಾನುವಾರ

ಜೆ.ಪಿ. ನಗರದಲ್ಲಿ ಭಾವನ ಮನೆಯಲ್ಲಿ ಸಭೆ. ಗೋರಿ ಎತ್ತಿಸುವುದು ಸೆಪ್ಟೆಂಬರ್ ಹದಿನೆಂಟಕ್ಕೆ. ಪೂಜಾರಿ ಪರಮಶಿವಯ್ಯನವರು ಬಂದು ಪೂಜೆ ಮಾಡಿ, ಒಬ್ಬೊಬ್ಬರ ಹೆಸರು ಹಿಡಿದು ಕೂಗಿ, ಗೋರಿಯ ಮಣ್ಣನ್ನು ಕುಡಿಕೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿಕೊಡುತ್ತಾರೆ. ಕುಡಿಕೆಗಳನ್ನು ಶ್ರೀರಂಗಪಟ್ಟಣಕ್ಕೆ ಒಯ್ದು ಪಶ್ಚಿಮವಾಹಿನಿಯಲ್ಲಿ ಬಿಡುವುದು.

ಭಾವ ಬೆರಳು ಮಡಚಿ ಎಣಿಸಿದರು. "ತಾತ, ಅಪ್ಪ, ಅಮ್ಮ. ಮೂರು ಕುಡಿಕೆ ಸಾಕು."

ಇವರು ನೆಲ ನೋಡುತ್ತಿದ್ದರು. ನಾನು ಎದ್ದು ಒಳಗೆ ಹೋಗಿ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ತಂದೆ, ಯಾರೂ ಕೇಳಿರಲಿಲ್ಲ.

ಆ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇದು ನನ್ನೊಬ್ಬಳ ಪುಸ್ತಕವಾದ್ದರಿಂದ ಇಲ್ಲಾದರೂ ಬರೆದುಬಿಡುತ್ತೇನೆ. ತೊಂಬತ್ತನೇ ಇಸವಿ ಆಗಸ್ಟಿನಲ್ಲಿ ನನಗೊಂದು ಹೆಣ್ಣುಕೂಸು ಹುಟ್ಟಿ ಒಂಬತ್ತು ದಿನ ಇತ್ತು. ಹನ್ನೊಂದನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕಿತ್ತು. ಮಾವ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸಾರಕ್ಕಿಯ ಆ ಜಾಗಕ್ಕೆ ಹೋದರು, ಗದ್ದೆ ಕೆಲಸದ ಪಾಪಯ್ಯ ಗುದ್ದಲಿ ಹಿಡಿದು ಹಿಂದೆ ಹೋದ. ಬಾಣಂತಿ ನಾನು, ಹೊಸಿಲು ದಾಟುವ ಹಾಗಿರಲಿಲ್ಲ. ಹಲ್ಲು ಬಾರದ ಕೂಸಿಗೆ ಕಲ್ಲೂ ಇಲ್ಲ, ಎಡೆಯೂ ಇಲ್ಲ; ಅದು ಪದ್ಧತಿ. ಎಲ್ಲಿ ಎಂದು ತಾಯಿಗೆ ಹೇಳಿದರೆ ಅವಳು ಅಲ್ಲಿಗೇ ಹೋಗಿ ಕೂರುತ್ತಾಳೆ, ಮುಂದಿನ ಮಗು ನಿಲ್ಲುವುದಿಲ್ಲ ಎಂದು ನನಗೆ ಜಾಗವನ್ನೂ ಹೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಅತ್ತೆ ಗೌರಮ್ಮ ಒಂದು ಸಲ ಅಂದಿದ್ದರು, "ಆ ಹೊಂಗೆ ಮರದ ಕಡೆ ಇರ್ಬೇಕು ಕಣೆ." ಅಷ್ಟೇ. ಆಮೇಲೆ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಹೊಂಗೆ ಮರ ಕಾಣುವ ಕಡೆಯ ಸೀಟನ್ನೇ ನೋಡಿ ಕೂರುತ್ತಿದ್ದೆ.

ಹಳೇ ಮಾತು. ಮುಗಿದಿದೆ. ನಾಳೆ ಗಾಳಿಗಿರಣಿಯ ಪುಟ ಮುಗಿಸಬೇಕು.

16 ಆಗಸ್ಟ್, ಶನಿವಾರ

ಮಿಕನೋಸಿನಿಂದ ಬೋಟಿನಲ್ಲಿ ಅರ್ಧ ಗಂಟೆ ಹೋದರೆ ಡೆಲೋಸ್ ಎಂಬ ಚಿಕ್ಕ ದ್ವೀಪ ಸಿಗುತ್ತದೆ. ಈಗ ಅಲ್ಲಿ ಊರಿಲ್ಲ, ಕಲ್ಲಿನ ಸಿಂಹಗಳು, ಮುರಿದ ಕಂಬಗಳು ಮಾತ್ರ. ಗ್ರೀಕರ ಸೂರ್ಯದೇವ ಹುಟ್ಟಿದ್ದು ಅಲ್ಲಿ. ಅವನ ತಾಯಿ ತುಂಬು ಬಸುರಿ, ದೊಡ್ಡ ದೇವತೆಯೊಬ್ಬಳ ಸಿಟ್ಟಿಗೆ ಹೆದರಿ ಯಾವ ಊರೂ ಅವಳಿಗೆ ಹೆರಿಗೆಗೆ ಜಾಗ ಕೊಡಲಿಲ್ಲ. ನೀರಿನ ಮೇಲೆ ತೇಲಿಕೊಂಡಿದ್ದ ಈ ಬಡ ದ್ವೀಪ ಬಾ ಅಂದಿತು. ಖರ್ಜೂರದ ಮರ ಹಿಡಿದುಕೊಂಡು ಹೆತ್ತಳಂತೆ. ಕಥೆ ಚೆನ್ನಾಗಿದೆ, ಇಷ್ಟಕ್ಕೇ ನಿಲ್ಲಿಸಿದ್ದರೆ.

ಆಮೇಲೆ ಏನಾಯಿತೆಂದರೆ, ಎರಡು ಸಾವಿರದ ನಾನೂರು ವರ್ಷದ ಹಿಂದೆ ಅಥೆನ್ಸಿನವರು ಬಂದು, ಇದು ದೇವರ ಜಾಗ, ಮಡಿಯಾಗಬೇಕು ಎಂದರು. ದ್ವೀಪದಲ್ಲಿ ಇದ್ದಷ್ಟೂ ಗೋರಿಗಳನ್ನು ಅಗೆದು ತೆಗೆದರು. ಮೂಳೆಗಳನ್ನು, ಜೊತೆಗೆ ಹೂತಿದ್ದ ಮಡಕೆಗಳನ್ನು ಎದುರಿನ ರಿನಿಯಾ ದ್ವೀಪಕ್ಕೆ ಸಾಗಿಸಿ ಒಂದೇ ಹಳ್ಳದಲ್ಲಿ ಹಾಕಿದರು. ಇನ್ನುಮುಂದೆ ಡೆಲೋಸಿನಲ್ಲಿ ಯಾರೂ ಸಾಯಬಾರದು, ಯಾರೂ ಹುಟ್ಟಲೂಬಾರದು ಎಂದು ಕಾನೂನು ಮಾಡಿದರು. ಪ್ರಾಣ ಹೋಗುವವರನ್ನೂ ನೋವು ಬಂದ ಬಸುರಿಯರನ್ನೂ ದೋಣಿ ಹತ್ತಿಸಿ ಆಚೆ ದಡಕ್ಕೆ ಕಳಿಸುತ್ತಿದ್ದರು. ಹೆರಿಗೆಗೆ ಜಾಗ ಕೊಟ್ಟು ಹೆಸರು ಮಾಡಿದ ಊರಿನಲ್ಲೇ ಹೆರಿಗೆ ನಿಷೇಧ.

ಪುಸ್ತಕ ಮುಚ್ಚಿಟ್ಟು ಸೊಪ್ಪು ಬಿಡಿಸಲು ಕೂತೆ.

18 ಆಗಸ್ಟ್, ಸೋಮವಾರ

ಏನೂ ಬರೆಯಲಿಲ್ಲ. ಇವತ್ತು ಅದು ಹುಟ್ಟಿದ ದಿನ.

23 ಆಗಸ್ಟ್, ಶನಿವಾರ

ಚೈತ್ರ ಟಿಪ್ಪಣಿ ಓದಿ ಫೋನ್ ಮಾಡಿದಳು. ದನಿಯಲ್ಲಿ ಮಿಸ್ಸಿನ ಭಯ ಇನ್ನೂ ಉಳಿದಿದೆ, ಪಾಪ.

"ಮಿಸ್, ತುಂಬ ಚೆನ್ನಾಗಿ ಬರ್ದಿದೀರ. ಆದ್ರೆ ಹದಿನೆಂಟು ಪುಟದಲ್ಲಿ ಹನ್ನೊಂದು ಪುಟ ಗೋರೀನೇ ಇದೆ."

"ಇತಿಹಾಸ ಅಂದ್ರೆ ಅದೇ ಅಲ್ವೇನಮ್ಮ."

"ನಮ್ಮೋರು ಎಂಜಾಯ್ ಮಾಡಕ್ಕೆ ಬರ್ತಾರೆ ಮಿಸ್. ರಾಗಿಮುದ್ದೆ ತಿನ್ಕೊಂಡು ಸಮುದ್ರ ನೋಡೋ ಜನ. ಆ ಬೀಚ್‌ಗಳು, ಅಂಗಡಿ ಬೀದಿ, ಸಿನಿಮಾದವರು, ಕೋಟ್ಯಧಿಪತಿಗಳು ಬಂದು ಇಳ್ಕೊಳೋ ಹೋಟೆಲ್‌ಗಳು, ಇದೆಲ್ಲ ಒಂದು ಪ್ಯಾರಾ ಅಷ್ಟೇ ಬರ್ದಿದೀರ."

ಹನ್ನೊಂದು ಪುಟ ಎಂದು ನನಗೂ ಗೊತ್ತಿರಲಿಲ್ಲ. ಎಣಿಸಿ ನೋಡಿದೆ, ಹನ್ನೊಂದೇ. ಡೆಲೋಸಿನ ಭಾಗವನ್ನು ಮೊಟಕು ಮಾಡಲು ಕೂತವಳು ಇನ್ನೊಂದು ಪುಟ ಸೇರಿಸಿದೆ. ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಹಳೆಯ ಇತಿಹಾಸಕಾರ ಬರೆದದ್ದು ಇದ್ದಷ್ಟೂ ಗೋರಿಗಳು ಎಂದು. ಆ ಅಥೆನ್ಸಿನವರು ಒಳ್ಳೆಯವರಲ್ಲ, ಅಹಂಕಾರದ ಜನ. ಆದರೂ ಬಿಟ್ಟು ಹೋಗಲಿಲ್ಲ. ಅದರಲ್ಲಿ ಕೂಸುಗಳದ್ದೂ ಇತ್ತೋ ಇಲ್ಲವೋ ಪುಸ್ತಕ ಹೇಳುವುದಿಲ್ಲ. ಇದ್ದಷ್ಟೂ ಅಂದರೆ ಇದ್ದಷ್ಟೂ. ನಾನು ಹಾಗೇ ಓದಿಕೊಳ್ಳುತ್ತೇನೆ.

27 ಆಗಸ್ಟ್, ಬುಧವಾರ

ಗಣೇಶನ ಹಬ್ಬ. ಬಿಟಿಎಂ ಲೇಔಟಿನಿಂದ ಮಗಳು ಬಿಂದುಶ್ರೀ ಬಂದಿದ್ದಳು. ಕಡುಬು ತಿನ್ನುತ್ತಾ, "ದೊಡ್ಡಪ್ಪ ಫೋನ್ ಮಾಡಿದ್ರು. ಸಾರಕ್ಕಿ ಜಾಗಕ್ಕೆ ಹೆಣ್ಮಕ್ಕಳ ಸೈನ್ ಎಲ್ಲಾ ಬೇಕಂತೆ, ಬಿಲ್ಡರ್ ಕಡೆಯ ಲಾಯರ್ ಬಿಡ್ತಿಲ್ವಂತೆ. ಒಂದು ದಿನ ರಜ ಹಾಕ್ಬೇಕು" ಅಂದಳು.

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಸೈನ್ ಹಾಕಲು ಹೆಣ್ಣುಮಕ್ಕಳು ಒಬ್ಬರೂ ತಪ್ಪುವ ಹಾಗಿಲ್ಲ. ಎತ್ತಿ ಕೊಂಡೊಯ್ಯಲು ಮಾತ್ರ ಮೂರೇ ಕುಡಿಕೆ.

ಅವಳು ಹೋದ ಮೇಲೆ ಇವರ ಹತ್ತಿರ ಕೂತು ಕೇಳಿದೆ.

"ನಮ್ಮ ಕೂಸಿನ ಗತಿ ಏನು?"

ಇವರು ಟೀವಿಯ ಸದ್ದು ಏರಿಸಿದರು. ಕೇಳಿಸಿಲ್ಲವೇನೋ ಎಂದು ಮತ್ತೆ ಕೇಳಿದೆ. ರಿಮೋಟ್ ಕೆಳಗಿಟ್ಟು ಎದ್ದು ಹೋಗಿ ಗಿಡಕ್ಕೆ ನೀರು ಹಾಕಿದರು. ಮಧ್ಯಾಹ್ನವಷ್ಟೇ ಮಳೆ ಬಂದಿತ್ತು. ಮಾತಾಡದ ಮನುಷ್ಯನ ಜೊತೆ ಜಗಳವಾಡುವುದೂ ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ, ತಲೆ ನಮ್ಮದೇ ಹೋಗುತ್ತದೆ. ಆ ದಿನವೂ ಹೀಗೇ. ಕೂಸನ್ನು ಒಯ್ಯುವಾಗ ಇವರು ಹಿತ್ತಲಿನಲ್ಲಿ ಸೌದೆ ಒಡೆಯುತ್ತಿದ್ದರು. ಒಳಗೆ ಮಲಗಿದ್ದ ನನಗೆ ಕೊಡಲಿಯ ಸದ್ದು ಕೇಳುತ್ತಿತ್ತು. ಅದನ್ನು ನಾನು ಇವರಿಗೆ ಇವತ್ತಿಗೂ ಕ್ಷಮಿಸಿಲ್ಲ.

1 ಸೆಪ್ಟೆಂಬರ್, ಸೋಮವಾರ

ನಾನೇ ಭಾವನಿಗೆ ಫೋನ್ ಮಾಡಿದೆ.

"ಭಾವ, ಇನ್ನೊಂದು ಕುಡಿಕೆ ತರಿಸಿ."

"ಯಾರಿಗಮ್ಮ?"

"ತೊಂಬತ್ತನೇ ಇಸವೀದು."

ಅವರು ಮೆತ್ತಗೆ ಅಂದರು, "ನೋಡು ಕಮಲ, ಹಲ್ಲು ಬರದ ಕೂಸು ದೇವರ ಕೂಸು. ಅದನ್ನ ಹಿರಿಯರ ಸಾಲಲ್ಲಿ ಕರೀಬಾರ್ದು. ಕರೆದ್ರೆ ಮನೇಲಿರೋ ಮಕ್ಕಳ ಮೇಲೆ ಬರುತ್ತೆ ಅಂತಾರೆ. ನಂಗೂ ಮೊಮ್ಮಕ್ಕಳಿದಾವೆ. ಅದೂ ಅಲ್ದೆ ಎಲ್ಲಿದೆ ಅಂತ ಯಾರಿಗ್ ಗೊತ್ತು? ಗೊತ್ತಿದ್ದೋರು ಅಪ್ಪ. ಅವ್ರೇ ಹೋದ್ರು."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರಿಗೆ ನಿಜವಾಗಿ ಹೆದರಿಕೆ. ಫೋನ್ ಇಟ್ಟೆ.

ಇಪ್ಪತ್ತೆರಡಕ್ಕೆ ಜೆಸಿಬಿ. ಇನ್ನು ಇಪ್ಪತ್ತೊಂದು ದಿನ.

5 ಸೆಪ್ಟೆಂಬರ್, ಶುಕ್ರವಾರ

ಶಿಕ್ಷಕರ ದಿನ. ಬೆಳಗಿನಿಂದ ಹಳೆಯ ಮಕ್ಕಳ ಮೆಸೇಜು. ಬಿಂದು ಮಧ್ಯಾಹ್ನ ಕೇಕ್ ಹಿಡಿದುಕೊಂಡು ಬಂದಳು. ಯಾವ ತಯಾರಿಯೂ ಇಲ್ಲದೆ ಹೇಳಿಬಿಟ್ಟೆ. ಮೂರು ಸಾವಿರ ಮಕ್ಕಳಿಗೆ ಪಾಠ ಹೇಳಿದ ಬಾಯಿ, ಮೂರು ವಾಕ್ಯಕ್ಕೆ ಒಣಗಿಹೋಯಿತು.

ಅವಳು ಕೇಕ್ ಕತ್ತರಿಸುವ ಚಾಕುವನ್ನು ತಟ್ಟೆಯ ಮೇಲಿಟ್ಟಳು.

"ನಂಗೆ ಅಕ್ಕ ಇದ್ಲಾ?"

"ಒಂಬತ್ತು ದಿನ."

"ಒಂಬತ್ತು ದಿನ ಇದ್ರೂ ಇದ್ದಂಗೇ ಅಲ್ವಾಮ್ಮ. ನಾನು ಎಲ್ಲಾ ಕಡೆ ಒಬ್ಬಳೇ ಮಗಳು ಅಂತ ಹೇಳ್ಕೊಂಡು ತಿರುಗಿದೀನಿ. ನಿಂಗೆ ಒಂದಿನಾನೂ ಹೇಳ್ಬೇಕು ಅನ್ನಿಸ್ಲಿಲ್ವಾ?"

ಅನ್ನಿಸಿತ್ತು. ಅವಳ ಒಂದೊಂದು ಹುಟ್ಟುಹಬ್ಬಕ್ಕೂ ಅನ್ನಿಸಿತ್ತು. ಅವಳ ಸಂತೋಷದ ದಿನ ಯಾಕೆ ಎಂದು ಸುಮ್ಮನಾಗುತ್ತಿದ್ದೆ. ಇಷ್ಟನ್ನೂ ಹೇಳಿದೆ. ಅವಳು ಸಿಟ್ಟಿನಿಂದಲೇ ಅತ್ತಳು, ನಾನೂ ಅತ್ತೆ. ಮೂವತ್ತೈದು ವರ್ಷದಲ್ಲಿ ಆ ಕಾರಣಕ್ಕೆ ಇನ್ನೊಬ್ಬರ ಎದುರು ಅತ್ತದ್ದು ಇದೇ ಮೊದಲು. ಮೂಗು ಒರೆಸಿಕೊಂಡು ಅವಳೇ ಕೇಳಿದಳು, "ಆ ಪಾಪಯ್ಯ ಇದಾರಾ ಇನ್ನೂ?"

9 ಸೆಪ್ಟೆಂಬರ್, ಮಂಗಳವಾರ

ಇದ್ದಾರೆ. ಸಿದ್ದಾಪುರದಲ್ಲಿ ತಮ್ಮ ಮಗಳ ಮನೆಯಲ್ಲಿ. ಬಿಂದು ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು, ನಾಲ್ಕು ಕಡೆ ಕೇಳಿ ಮನೆ ಹುಡುಕಿದೆವು. ಎಂಬತ್ತು ದಾಟಿದೆ, ಒಂದು ಕಣ್ಣಿಗೆ ಪೊರೆ. ನನ್ನ ದನಿ ಕೇಳಿ, "ಮೇಷ್ಟ್ರಮ್ಮ" ಎಂದು ಏಳಲು ಹೋದರು. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದರು, ನಾನೂ. ಇವತ್ತು ಅದು ಬಾಯಿಗೆ ಬರಲಿಲ್ಲ.

"ಪಾಪಯ್ಯ, ನೀವು ಆ ಕೂಸನ್ನ ಹೊಂಗೆ ಮರದ ಯಾವ ಕಡೆ ಇಟ್ರಿ, ಜ್ಞಾಪಕ ಇದೆಯಾ?"

"ಹೊಂಗೆ ತಾವಾ? ಯಾರವ್ವ ಹಂಗಂದೋರು? ಗೇಟತ್ರ ಅಲ್ವಾ. ಬಾವಿಗೂ ಗೇಟಿಗೂ ನಡುವೆ, ಗೇಟಿಂದ ನಾಕು ಹೆಜ್ಜೆ. ನಾನು ಹೊಂಗೆ ಬುಡದಾಗೇ ತೋಡಕ್ಕೋದೆ. ಗೌಡ್ರು ಬ್ಯಾಡ ಅಂದ್ರು. ಹೆಣ್ಮಗ, ಮೂಲೇಲಿ ಒಂದೇ ಎಂಗಿರ್ತದೆ, ಜನ ಓಡಾಡೋ ದಾರೀಲಿ ಮಡಗು, ಮನೆಯೋರ ಸದ್ದು ಕೇಳ್ಲಿ ಅಂದ್ರು. ಅಂದು, ಟವೆಲ್ ಬಿಚ್ಚಿ ಇನ್ನೊಂದು ಕಿತ ಮಕ ನೋಡಿದ್ರು. ಗೌಡ್ರು ಅಳೋದ ನಾನು ಕಂಡಿದ್ದು ಅವತ್ತೊಂದೇ ದಿನ."

ಮಾವ ಅವತ್ತು ಮನೆಗೆ ಬಂದು, ಕೈಕಾಲು ತೊಳೆದು, "ಅಳ್ಬೇಡಿ, ಆಗಿದ್ದಾಯ್ತು" ಎಂದು ಎಲ್ಲರಿಗೂ ಗದರಿ ಊಟಕ್ಕೆ ಕೂತಿದ್ದರು. ಕಲ್ಲು ಮನುಷ್ಯ ಎಂದುಕೊಂಡಿದ್ದೆ.

ಅಲ್ಲಿಂದ ನೆಟ್ಟಗೆ ಸಾರಕ್ಕಿಗೆ ಹೋದೆವು. ಗೇಟಿನಿಂದ ನಾಲ್ಕು ಹೆಜ್ಜೆ. ಈಗ ಅಲ್ಲೊಂದು ಚಪ್ಪಡಿ ಹಾಸಿದೆ. ಮೂವತ್ತೈದು ವರ್ಷ ನಾನು ತಪ್ಪು ಮರ ನೋಡಿಕೊಂಡು ಓಡಾಡಿದ್ದೇನೆ, ಅದು ಹೋಗಲಿ. ಪ್ರತಿ ವರ್ಷ ಪಿತೃಪಕ್ಷಕ್ಕೆ ಎಡೆಯ ಬುಟ್ಟಿ ಹಿಡಿದು ಬಂದು, ಹಿರಿಯರ ಗೋರಿಯ ಹತ್ತಿರ ಹೋಗುವ ಮುಂಚೆ ಎಲ್ಲರೂ ಚಪ್ಪಲಿ ಬಿಡುತ್ತಿದ್ದದ್ದು ಆ ಚಪ್ಪಡಿಯ ಮೇಲೆ. ನಾನೂ ಅಲ್ಲೇ ಬಿಟ್ಟಿದ್ದೇನೆ.

ಬಿಂದು ಬಗ್ಗಿ ತನ್ನ ದುಪಟ್ಟಾದಿಂದ ಕಲ್ಲಿನ ಮೇಲಿನ ಧೂಳು ಒರೆಸಿದಳು.

12 ಸೆಪ್ಟೆಂಬರ್, ಶುಕ್ರವಾರ

ಭಾವನ ಮನೆಯಲ್ಲಿ ಸೈನ್ ಹಾಕುವ ದಿನ. ಬಿಂದು ಪೆನ್ನನ್ನು ಮುಚ್ಚಿ ಕಾಗದದ ಮೇಲಿಟ್ಟಳು.

"ದೊಡ್ಡಪ್ಪ, ಸೈನ್ ಹಾಕ್ತೀನಿ. ಅಕ್ಕನ್ನ ಎತ್ತಿದ ಮೇಲೆ."

ಭಾವ ನನ್ನ ಕಡೆ ನೋಡಿದರು. "ನೀನು ಹೇಳ್ಕೊಟ್ಯಾ ಕಮಲ?"

"ಹೇಳ್ದೆ, ಹೇಳ್ಕೊಡ್ಲಿಲ್ಲ. ಭಾವ, ಗ್ರೀಸಲ್ಲಿ ಒಂದು ದ್ವೀಪ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಗೋರಿ ಎತ್ತಿದೋರು ತಮ್ಮೋರಲ್ಲದ ಹೆಣಗಳನ್ನೂ ಬಿಡ್ದೆ ಎತ್ಕೊಂಡು ಹೋದ್ರು. ನಾವು ನಮ್ಮ ಕೂಸನ್ನ ಜೆಸಿಬಿಗೆ ಕೊಡೋದಾ?"

"ಗ್ರೀಸ್ ವಿಷಯ ನಂಗೇನ್ ಗೊತ್ತಮ್ಮ. ಮನೆ ಮಕ್ಕಳಿಗೆ ಏನಾದ್ರೂ ಆದ್ರೆ ಯಾರು ಹೊಣೆ?"

"ನಾನು" ಅಂದೆ. ಹೇಗೆ ಹೊಣೆಯಾಗುವುದು ಎಂದು ನನಗೂ ಗೊತ್ತಿಲ್ಲ. ಭಾವ ಬಹಳ ಹೊತ್ತು ಕನ್ನಡಕ ಒರೆಸಿಕೊಂಡು, ಆಮೇಲೆ, "ಆಯ್ತು, ಮಾಡ್ಸಿ. ನಮ್ಮ ಮನೆ ಹುಡುಗರನ್ನ ಮಾತ್ರ ಅವತ್ತು ಕರ್ಕೊಂಡು ಬರಲ್ಲ" ಅಂದರು.

ಇವರು? ಅಷ್ಟು ಹೊತ್ತೂ ಉಪ್ಪಿನ ಮೂಟೆಯ ಹಾಗೆ ಕೂತಿದ್ದರು. ಅಕ್ಕ ಎಂದು ಬಿಂದು ಅಂದಾಗ ಎದ್ದು ಹೊರಗೆ ಹೋದರು. ಒಂದು ಮಾತು, ಒಂದೇ ಒಂದು ಮಾತು ಅಣ್ಣನಿಗೆ ಹೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ?

15 ಸೆಪ್ಟೆಂಬರ್, ಸೋಮವಾರ

ಚೈತ್ರಳ ಫೋನ್ ಎತ್ತಲಿಲ್ಲ. ಇವರ ಜೊತೆ ಮಾತು ಬಿಟ್ಟು ಮೂರು ದಿನವಾಯಿತು. ಅವರಿಗೆ ಅದು ಗೊತ್ತಾಗಿದೆಯೋ ಇಲ್ಲವೋ, ನನಗೆ ಗೊತ್ತಾಗುವ ಬಗೆಯಿಲ್ಲ.

18 ಸೆಪ್ಟೆಂಬರ್, ಗುರುವಾರ

ಬೆಳಗ್ಗೆ ಏಳಕ್ಕೇ ಹೋದೆವು. ಪಾಪಯ್ಯನವರನ್ನು ಆಟೋದಲ್ಲಿ ಕರೆಸಿದ್ದೆ. ಪರಮಶಿವಯ್ಯನವರು ಮೊದಲು ತಾತನ ಗೋರಿ, ಆಮೇಲೆ ಮಾವ, ಅತ್ತೆ ಎಂದು ಸಾಲಾಗಿ ಹಾಲು ತುಪ್ಪ ಬಿಟ್ಟು, "ಮುನಿಬೈರಪ್ಪನವರೇ ಎದ್ದು ಬನ್ನಿ, ಗೌರಮ್ಮನವರೇ ಎದ್ದು ಬನ್ನಿ, ಈ ಜಾಗದ ಋಣ ತೀರ್ತು" ಎಂದು ಕೂಗಿ, ಮಣ್ಣು ತುಂಬಿದರು. ಮೂರು ಕುಡಿಕೆಯೂ ಭಾವನ ಕೈ ಸೇರಿದವು.

ಗೇಟಿನ ಹತ್ತಿರ ಬಂದೆವು. ಪಾಪಯ್ಯ ಕೋಲಿನಿಂದ ಗುರುತು ತೋರಿಸಿದರು. ಆಳುಗಳು ಚಪ್ಪಡಿ ಸರಿಸಿದರು. ಒಬ್ಬ ಗುದ್ದಲಿ ಎತ್ತಿದ. ಅಷ್ಟರಲ್ಲಿ ಇವರು ಮುಂದೆ ಬಂದು, ಏನೂ ಹೇಳದೆ, ಅವನ ಕೈಯಿಂದ ಗುದ್ದಲಿ ತೆಗೆದುಕೊಂಡರು. ಮಂಡಿ ನೋವಿನ ಮನುಷ್ಯ. ಕೂತು, ಗುದ್ದಲಿಯ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕೆರೆಯುತ್ತಾ ಎರಡು ಅಡಿ ತೋಡಿದರು. ಕೊನೆಗೆ ಗುದ್ದಲಿಯನ್ನೂ ಬಿಟ್ಟು ಕೈಯಿಂದ ತೆಗೆದರು. ಏನೂ ಸಿಗಲಿಲ್ಲ. ಸಿಗುವುದಿಲ್ಲ ಎಂದು ಗೊತ್ತಿತ್ತು, ಅಷ್ಟು ಎಳೆಯ ಮೂಳೆ ಇಷ್ಟು ವರ್ಷ ಉಳಿಯುವುದಿಲ್ಲ. ಮಣ್ಣು ಅಲ್ಲಿ ಸ್ವಲ್ಪ ಕಪ್ಪಗಿತ್ತು. ಅಥವಾ ನನಗೆ ಹಾಗೆ ಕಂಡಿತು.

ಇವರು ಬೊಗಸೆಯಲ್ಲಿ ಎತ್ತಿ ನಾಲ್ಕನೇ ಕುಡಿಕೆಗೆ ತುಂಬಿದರು. ಪರಮಶಿವಯ್ಯನವರು ಹಾಲಿನ ಚೊಂಬು ಹಿಡಿದು ಕೇಳಿದರು, "ಹೆಸರು?"

ಕೂಗಲು ಹೆಸರು ಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಮೂವತ್ತೊಂದು ವರ್ಷ ದಿನಾ ಬೆಳಗ್ಗೆ ಹಾಜರಿ ಕೂಗಿದವಳು ನಾನು. ಬಿಂದು ನನ್ನ ಮುಖ ನೋಡಿದಳು. ಭಾವ ಪರಮಶಿವಯ್ಯನವರಿಗೆ ಏನೋ ಹೇಳಲು ಬಾಯಿ ತೆರೆದರು.

"ಮೇಘಶ್ರೀ" ಅಂದರು ಇವರು.

ಹಳ್ಳದ ಪಕ್ಕದಲ್ಲಿ ಕೂತೇ ಇದ್ದರು, ತಲೆ ಎತ್ತಲಿಲ್ಲ. "ಹನ್ನೊಂದನೇ ದಿನಕ್ಕೆ ಅಂತ ಯೋಚನೆ ಮಾಡಿಟ್ಟಿದ್ದೆ. ಆಮೇಲೆ ಇವಳು ಹುಟ್ದಾಗ ಎಲ್ಲರೂ ಹೆಸರು ಕೇಳಿದ್ರು. ಅದನ್ನ ಇವಳಿಗೆ ಕೊಡಕ್ಕೆ ಮನಸ್ಸು ಬರ್ಲಿಲ್ಲ, ಅದು ಅವಳದು. ಅಕ್ಕ ತಂಗಿ ಅಂತ ಗೊತ್ತಾಗ್ಲಿ ಅಂತ ಬಿಂದುಶ್ರೀ ಅಂದೆ."

ಪರಮಶಿವಯ್ಯನವರು ಹಾಲು ಬಿಟ್ಟರು. "ಎದ್ದು ಬಾರಮ್ಮ, ಮೇಘಶ್ರೀ. ಈ ಜಾಗದ ಋಣ ತೀರ್ತು." ಬಿಂದು ಹೋಗಿ ಅಪ್ಪನ ಪಕ್ಕ ಮಣ್ಣಿನಲ್ಲೇ ಕೂತಳು. ನಾನು ಇವರ ಭುಜ ಹಿಡಿದು ಎಬ್ಬಿಸಿದೆ, ಉಗುರಿನ ಸಂದಿಯ ಮಣ್ಣು ನೋಡಿ ಸೆರಗಿನಿಂದ ಒರೆಸಿದೆ. ಮಾತು ಬಿಟ್ಟಿದ್ದೆ ಎಂಬುದು ಮರೆತುಹೋಗಿತ್ತು.

ಶ್ರೀರಂಗಪಟ್ಟಣದವರೆಗೂ ಮಗಳನ್ನು ನಾನೇ ಮಡಿಲಲ್ಲಿ ಇಟ್ಟುಕೊಂಡಿದ್ದೆ.

20 ಸೆಪ್ಟೆಂಬರ್, ಶನಿವಾರ

ಟಿಪ್ಪಣಿ ಮುಗಿಸಿ ಚೈತ್ರಳಿಗೆ ಕಳಿಸಿದೆ. ಬೀಚು, ಅಂಗಡಿ ಬೀದಿ, ಹೆಜ್ಜಾರ್ಲೆ, ಸಿನಿಮಾದವರು ಎಲ್ಲ ಸೇರಿ ಹದಿನಾರು ಪುಟ. ಗೋರಿಗೆ ಎರಡೇ ಪುಟ ಉಳಿಸಿಕೊಂಡೆ. ರಿನಿಯಾದ ಆ ಹಳ್ಳವನ್ನು ನೂರಿಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಅಗೆದರಂತೆ. ಅದರಲ್ಲಿ ಸಿಕ್ಕ ಮಡಕೆಗಳನ್ನು ಇಡಲೆಂದೇ ಮಿಕನೋಸಿನಲ್ಲಿ ಒಂದು ಮ್ಯೂಸಿಯಂ ಕಟ್ಟಿದ್ದಾರೆ, ಬಂದರಿನ ಹತ್ತಿರವೇ ಇದೆ. ಎಲ್ಲರೂ ಅಂಗಡಿ ಬೀದಿಗೆ ಹೋದಾಗ ನಾನು ಅಲ್ಲಿಗೆ ಹೋಗುತ್ತೇನೆ ಎಂದೆ. ಚೈತ್ರ, "ನಾನೂ ಬರ್ತೀನಿ ಮಿಸ್" ಅಂದಳು. ಬಿಂದು ಸೈನ್ ಹಾಕಿ ಬಂದಳು.

21 ಸೆಪ್ಟೆಂಬರ್, ಭಾನುವಾರ, ಮಹಾಲಯ ಅಮಾವಾಸ್ಯೆ

ಗೋರಿಗಳಿಲ್ಲದ ಮೊದಲ ಅಮಾವಾಸ್ಯೆ, ಎಡೆ ಮನೆಯಲ್ಲೇ. ತಾತನಿಗೂ ಮಾವನಿಗೂ ಮುದ್ದೆ, ನಾಟಿಕೋಳಿ ಸಾರು. ಅತ್ತೆಗೆ ಒಬ್ಬಟ್ಟು, ಎಲೆಅಡಿಕೆ. ನಾಲ್ಕನೇ ಎಲೆಗೆ ಏನು ಬಡಿಸಬೇಕೆಂದು ಗೊತ್ತಾಗದೆ ಒಂದು ಲೋಟ ಹಾಲು ಕಾಯಿಸಿ ಆರಿಸಿಟ್ಟೆ.

ಎಡೆಗೆ ಹೊಸ ಬಟ್ಟೆ ಇಡುವುದು ಪದ್ಧತಿ. ಹಿರಿಯರಿಗೆ ಪಂಚೆ, ಸೀರೆ ಮೊದಲೇ ತಂದಿದ್ದೆ. ಬೆಳಗ್ಗೆ ಇವರಿಗೆ ಹೇಳಿದೆ, "ಜಯನಗರ ಕಾಂಪ್ಲೆಕ್ಸ್ ಹತ್ರ ಹೋಗಿ ಒಂದು ಫ್ರಾಕ್ ತನ್ನಿ. ತೀರಾ ಚಿಕ್ಕದು, ಈಗ ಹುಟ್ಟಿದ ಮಗುಗೆ ಹಾಕ್ತಾರಲ್ಲ, ಅಂಥದ್ದು."

ಎರಡು ಗಂಟೆಯಾದರೂ ಬರಲಿಲ್ಲ. ಬಂದವರು ಚೀಲವನ್ನು ನನ್ನ ಕೈಗೆ ಕೊಟ್ಟು ಕಾಲು ತೊಳೆಯಲು ಹೋದರು. ಬಿಚ್ಚಿದರೆ ಸೀರೆ. ತಿಳಿನೀಲಿ ಮೈಸೂರು ಸಿಲ್ಕ್, ಸಣ್ಣ ಜರಿ ಅಂಚು.

"ಇದೇನ್ರೀ, ಫ್ರಾಕ್ ಅಂದಿದ್ದೆ."

"ಫ್ರಾಕ್ ಅಂಗಡಿಗೇ ಹೋದೆ ಕಣೆ. ಆ ಹುಡುಗಿ ಕೇಳಿದ್ಲು, ಮಗುಗೆ ಎಷ್ಟು ವಯಸ್ಸು ಅಂಕಲ್ ಅಂತ." ಟವೆಲ್ಲಿನಿಂದ ಕಾಲು ಒರೆಸಿಕೊಳ್ಳುತ್ತಾ ಇದ್ದರು, ಮುಗಿದ ಮೇಲೂ ಒರೆಸುತ್ತಲೇ ಇದ್ದರು. "ಮೂವತ್ತೈದು ಅಂದೆ."

ಸೀರೆಯ ಮಡಿಕೆ ಸರಿಮಾಡಿ, ಅರಿಶಿನ ಕುಂಕುಮ ಹಚ್ಚಿ, ನಾಲ್ಕನೇ ಎಲೆಯ ಮುಂದೆ ಇಟ್ಟೆ. ಹಾಲಿನ ಲೋಟ ತೆಗೆದು, ನಮಗೆ ಮಾಡಿದ ಅಡುಗೆಯನ್ನೇ ಅವಳಿಗೂ ಬಡಿಸಿದೆ.